ಊರು ತೋರಿಸಿದ್ದು

ತಾಳಿಕೋಟಿಯಿಂದ ರಾತ್ರಿಯಿಡೀ ಕೂತು ಬಂದು
ಬೆಳಗಿನ ಆರೂವರೆಗೆ ಕಾರವಾರದಲ್ಲಿ ಇಳಿದರು ಐವರು:
ಅವ್ವ, ಮಡಿವಾಳಪ್ಪ ಕಾಕಾ, ಕಾಕಿ,
ಅಕ್ಕನ ಮಗಳು ದಾನಮ್ಮ,
ಐದನೆಯದು, ಸೀಟು ಹಿಡಿದೇ ಬಂದ
ಖಡಕ್ ರೊಟ್ಟಿಯ ಗಂಟು.

ನಾಲ್ಕು ವರ್ಷದಿಂದ ಖಜಾನೆಯಲ್ಲಿ ಬಿಲ್ಲು ಪಾಸು ಮಾಡುವ ನಾನು
ನಾಲ್ಕು ದಿನದ ಮಟ್ಟಿಗೆ
ಈ ಊರಿನ ಒಡತಿಯಾದೆ.

ಮೊದಲು ಸಮುದ್ರ.
ನಾನೇ ತುಂಬಿಸಿಟ್ಟ ಹಂಡೆಯೇನೋ ಎಂಬಂತೆ
ಕೈಮಾಡಿ ತೋರಿಸಿದೆ.
ಕಾಕಾ ಒಂದು ಬೊಗಸೆ ಎತ್ತಿದ,
ನಾಲಿಗೆಗೆ ಮುಟ್ಟಿಸಿದ, ಉಗುಳಿದ.
"ನಮ್ಮ ಡೋಣಿನೂ ಸವಳ ಐತಿ,
ಆದ್ರ ಅದಕ್ಕ ಇಷ್ಟ ಸೊಕ್ಕಿಲ್ಲ."
ಆ ಹೊತ್ತಿಗೆ ದಾನಮ್ಮನ ಎಡಗಾಲ ಚಪ್ಪಲಿ
ಗೋವೆಯ ದಾರಿ ಹಿಡಿದಿತ್ತು.

ಆಮೇಲೆ ದಡಕ್ಕೆ ಹತ್ತಿಸಿಟ್ಟ ಯುದ್ಧನೌಕೆ.
ಒಳಗೆ ನಿಂತಿದ್ದ ಕ್ಯಾಪ್ಟನ್ನನ ಗೊಂಬೆ ಕಂಡು
ಕಾಕಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.
ಅರ್ಗಾದ ದಾರಿಯಲ್ಲಿ,
"ಆ ಗೋಡೆಯ ಫೋಟೋ ತೆಗೆಯೋ ಹಾಗಿಲ್ಲ" ಎಂದೆ ಗತ್ತಿನಿಂದ,
ಗೋಡೆಯಾಚೆಯ ಹಡಗೆಲ್ಲ
ನನ್ನ ಸಹಿ ಬೀಳದೆ ಕದಲುವುದಿಲ್ಲವೇನೋ ಎಂಬ ಹಾಗೆ.

ಸದಾಶಿವಗಡದ ಅರ್ಧ ಏರಿಗೆ ಅವ್ವನ ಮೊಣಕಾಲು ಸೋತಿತು.
ಕೂತಲ್ಲಿಂದಲೇ ಕೆಳಗೆ ಕಾಳಿಯನ್ನು ನೋಡಿ ಕೇಳಿದಳು:
"ಹೊಳಿ ಎಲ್ಲಿಗೆ ಮುಗೀತು? ಸಮುದ್ರ ಎಲ್ಲಿಂದ ಚಾಲೂ ಆತು?"
ನಾನು ಬೆರಳೆತ್ತಿದೆ.
ಅತ್ತ ಸರಿಸಿದೆ, ಇತ್ತ ಸರಿಸಿದೆ,
ಗೊತ್ತಿಲ್ಲವೆನ್ನಲು ನಾಚಿ
ಒಂದು ದೋಣಿ ನಿಂತಲ್ಲಿ ನಿಲ್ಲಿಸಿದೆ.
ದೋಣಿ ಹೊರಟುಹೋಯಿತು.

ಅಂಕೋಲೆಯಲ್ಲಿ ಕರಿ ಈಶಾಡು ಕೊಂಡೆವು,
ಗೋಕರ್ಣದಲ್ಲಿ ಸಾಲಿನಲ್ಲಿ ನಿಂತೆವು.
ದೊಡ್ಡ ಶಹರ ಬೇಕೇಬೇಕೆಂದು ದಾನಮ್ಮ ಹಟ ಹಿಡಿದದ್ದಕ್ಕೆ
ಮೂರನೆಯ ದಿನ ರೈಲಿನಲ್ಲಿ ಮಡಗಾಂವ್.
ಸುರಂಗ ಬಂದಾಗಲೆಲ್ಲ ಕಾಕಾ
ಕಿಸೆ ಮುಟ್ಟಿ ನೋಡಿಕೊಂಡ.
ಅಲ್ಲಿ ನನಗೇ ದಾರಿ ತಪ್ಪಿತು.
ಬಾಯಿ ಬಿಡದೆ ಮುಂದೆ ಮುಂದೆ ನಡೆದೆ,
ಒಂದೇ ಚರ್ಚಿನ ಮುಂದೆ ಮೂರು ಸಲ ಹಾಯಿಸಿದೆ.
"ಈ ಊರಾಗ ಗುಡಿ ಎಲ್ಲಾ
ಒಂದ ನಮೂನಿ ಕಟ್ಯಾರ" ಅಂದಳು ಕಾಕಿ.

ಕಡೆಯ ದಿನ ಅವ್ವ,
"ಇವೆಲ್ಲಾ ಆತು.
ನೀ ದಿನಾ ಅಡ್ಡಾಡೋ ದಾರಿ ತೋರಸು."

ತೋರಿಸಿದೆ. ಖಜಾನೆಯ ಮೆಟ್ಟಿಲು,
ಕುಪ್ಪಸ ಹೊಲಿಯುವ ಅಂಗಡಿ,
ಉದ್ರಿ ಕೊಡುವ ಪೈಗಳ ಕಿರಾಣಿ,
ಜ್ವರ ಬಂದಾಗ ನಾನೊಬ್ಬಳೇ ಹೋಗಿ ಕೂರುವ ದವಾಖಾನೆಯ ಬೆಂಚು.
ಮೀನು ಮಾರ್ಕೆಟ್ಟಿನ ರಸ್ತೆ ಮಾತ್ರ ಬಿಟ್ಟು
ಬಿಸಿಲಲ್ಲಿ ಸುತ್ತು ಹಾಕಿಸಿದೆ.
ಆದರೆ ಶೇವಂತಿ ಹರಿಕಂತ್ರ ಅವತ್ತು ಮಾರ್ಕೆಟ್ಟಿನಲ್ಲಿರಲಿಲ್ಲ.
ಬುಟ್ಟಿ ಇಟ್ಟುಕೊಂಡು ನಮ್ಮ ತಿರುವಿನಲ್ಲೇ ಕೂತಿದ್ದಳು.

"ಖಜಾನೆ ಬಾಯೀ! ನಾಲ್ಕು ದಿವ್ಸ ಎಲ್ಲೋಗಿದ್ರಿ?
ನಿಮಗೇಂತ ತೆಗೆದಿಟ್ಟ ಬಂಗಡೆ
ಬೆಕ್ಕಿಗೆ ಹಾಕ್ದೆ!"

ಕಾಕಾ ಆಕಾಶದಲ್ಲಿ ಏನೋ ಓದತೊಡಗಿದ.
ಕಾಕಿಯ ಸೆರಗು ಮೂಗಿನ ಮೇಲೇ ಇತ್ತು, ಕಣ್ಣು ನನ್ನ ಮೇಲೆ.
ದಾನಮ್ಮ ಕಿಸಕ್ಕನೆ ನಕ್ಕು ನಿಲ್ಲಿಸಿದಳು.
ಅವ್ವ ಎದೆಯ ಮೇಲಿನ ಕರಡಿಗೆಯನ್ನೊಮ್ಮೆ ಮುಟ್ಟಿ
ಬುಟ್ಟಿಯನ್ನು ನೋಡಿದಳು,
ಬೀಜದ ಜೋಳ ನೋಡುವ ಹಾಗೆ, ಬಗ್ಗಿ.
ಏನೂ ಅನ್ನಲಿಲ್ಲ.

ಮನೆಯಲ್ಲೂ ಅನ್ನಲಿಲ್ಲ.
ಉಳಿದ ರೊಟ್ಟಿಯನ್ನು ಡಬ್ಬಿಗೆ ಜೋಡಿಸಿದಳು,
ಶೇಂಗಾ ಹಿಂಡಿಯ ಮುಚ್ಚಳ ಬಿಗಿದಳು,
ನನ್ನ ಎರಡು ಪಾತ್ರೆ ಒಂದು ಬಾಣಲಿಯನ್ನು
ಯಾವುದೆಂದು ಕೇಳದೆ
ಎಲ್ಲವನ್ನೂ ತಿಕ್ಕಿ ಬೋರಲು ಹಾಕಿದಳು.

ರಾತ್ರಿ, ಸ್ಟ್ಯಾಂಡು.
ಕಂಡಕ್ಟರ್ ಸೀಟಿ ಊದಿದ್ದಾಗಿತ್ತು,
ಬಸ್ಸು ಹಿಂದೆ ಸರಿಯುತ್ತಿತ್ತು,
ಕಿಟಕಿಯ ಸರಳಿಗೆ ಮುಖ ಒತ್ತಿ ಅವ್ವ ಕರೆದಳು.
ಪಕ್ಕಕ್ಕೆ ಓಡಿದೆ.

"ಮುಳ್ಳ ಇರತಾವಂತಲ್ಲ ಅದರಾಗ.
ಒಬ್ಬಾಕಿ ಇರ್ತಿ.
ಲೈಟ್ ಹಚಗೊಂಡ ತಿನ್ನು."