ಓಡದ ಲಾಂಚಿಗೆ ಚಾರ್ಜು

ಬಿಚ್ಚುವಾಗ ಕಪ್ಪು ವಯರು ಮೊದಲು,
ಹಾಕುವಾಗ ಕಪ್ಪು ಕೊನೆಗೆ.
ಅಪ್ಪ ಕಲಿಸಿದ್ದು ಇಷ್ಟೇ,
ಉಳಿದದ್ದನ್ನು ಆಸಿಡ್ಡು ಕಲಿಸಿತು.
ಇಗರ್ಜಿಗೆ ಉಡುವ ಒಂದು ಸೀರೆ ಬಿಟ್ಟರೆ
ಜರಡಿಯಾಗದ ಬಟ್ಟೆ ನನ್ನಲ್ಲಿಲ್ಲ.

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ
ಹತ್ತಡಿ ಅಗಲದ ಅಂಗಡಿ. ಬೋರ್ಡಿನಲ್ಲಿ ಇನ್ನೂ
‘ಇನಾಸ್ ಬ್ಯಾಟರಿ ವರ್ಕ್ಸ್’.
ಬಂದವರು ಒಳಗೆ ಇಣುಕಿ
‘ಯಾರೂ ಇಲ್ವಾ?’ ಅನ್ನುತ್ತಾರೆ,
ನನ್ನನ್ನೇ ನೋಡುತ್ತ.

ಹಲಗೆಯ ಮೇಲೆ ಸಾಲಾಗಿ ಕೂತಿವೆ
ಸೀಮೆಸುಣ್ಣದಲ್ಲಿ ಹೆಸರು ಬರೆಸಿಕೊಂಡು:
ಹಾಲಿನ ಟೆಂಪೊ, ಆವಿನಹಳ್ಳಿ ಟ್ಯಾಕ್ಸಿ,
ಆರ್ಕೆಸ್ಟ್ರಾದವರ ಜನರೇಟರು,
ಮದುವೆಯ ಮುನ್ನಾದಿನ ಕೈಕೊಟ್ಟ ಯಾರದೋ ಮಾರುತಿ.
ಎಲ್ಲರಿಗೂ ಅರ್ಜೆಂಟು.
‘ಒಂದು ಗಂಟೇಲಿ ಏರ್ಸಿ ಕೊಡಿ.’
ಏರಿಸಬಹುದು. ಜಾಸ್ತಿ ಆಂಪಿಯರು ನುಗ್ಗಿಸಿದರೆ
ಕುದಿಯುತ್ತದೆ, ಕೊಳೆತ ಮೊಟ್ಟೆ ನಾರುತ್ತದೆ,
ತುಂಬಿದ ಹಾಗೇ ಕಾಣುತ್ತದೆ,
ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿದರೆ
ಟಕ್ ಅಂದು ಸುಮ್ಮನಾಗುತ್ತದೆ.
ರಾತ್ರಿ ಇಲ್ಲೇ ಇರಲಿ, ಅನ್ನುತ್ತೇನೆ. ಹೋಗಿ ಉಂಡು ಮಲಗಿ.

ಹೊಳಿಯಪ್ಪ ಮಾತ್ರ ಅವಸರ ಮಾಡಿದವನಲ್ಲ.
ಬಿಳಿಗಲ್ಲು ಕಡವಿನ ಲಾಂಚಿನವನು.
ಎಂಟೂವರೆ ಬಸ್ಸಿನಲ್ಲಿ ಇಂಜಿನ್ ಪಕ್ಕ
ನಲವತ್ತು ಕೆಜಿಯ ಬ್ಯಾಟರಿಯನ್ನು
ಮೊಣಕಾಲ ನಡುವೆ ನೆಟ್ಟಗೆ ಹಿಡಿದು ಬರುತ್ತಾನೆ.
ಕಂಡಕ್ಟರು ಅದಕ್ಕೊಂದು ಹಾಫ್ ಟಿಕೆಟ್ ಹರಿಯುತ್ತಾನೆ.
ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದ.
ಸೇತುವೆ ಆಯಿತು, ಲಾಂಚು ನಿಂತಿತು,
ಈಗ ತಿಂಗಳಿಗೊಮ್ಮೆ.

ಟರ್ಮಿನಲ್ಲಿನ ಮೇಲೆ ಹಸಿರು ಬಿಳಿ ಬೂಷ್ಟು.
ಸೋಡಾಪುಡಿ, ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಶ್ಶು.
ಸೀಸ ಹೊಳೆಯುವವರೆಗೆ ಉಜ್ಜಿ
ಆರು ಮುಚ್ಚಳ ತೆಗೆದು ಹೈಡ್ರೋಮೀಟರು ಇಳಿಸಿದೆ.
ಐದರಲ್ಲಿ ತೇಲುಗಡ್ಡಿ ತಲೆ ಎತ್ತಿತು,
ಮೂರನೆಯದರಲ್ಲಿ ಕುತ್ತಿಗೆವರೆಗೆ ಮುಳುಗಿತು.
‘ಒಂದು ಸೆಲ್ಲು ಹೋಗ್ತಾ ಇದೆ.
ಸೀಸಕ್ಕೆ ಈಗ ರೇಟಿದೆ, ತೂಕಕ್ಕೆ ಹಾಕಿಬಿಡಿ.
ಓಡದ ಲಾಂಚಿಗೆ ಎಂಥ ಚಾರ್ಜು?’

ಬೀಡಿ ತೆಗೆದ. ಗೋಡೆಯ ಮೇಲೆ ಅಪ್ಪನ ಕೈಬರಹದ
‘ಬೆಂಕಿ ಬೇಡ’ ನೋಡಿ ಕಿವಿಗೆ ಸಿಕ್ಕಿಸಿಕೊಂಡ.
‘ಹೋಗಕ್ಕಲ್ಲ ಮಾರಾಯ್ತಿ, ಮುಳುಗ್ದೆ ಇರಕ್ಕೆ.’
ಫ್ಯಾನಿನ ದಂಡದ ಸಂದಿಯಲ್ಲಿ ನೀರು ಜಿನುಗುತ್ತದಂತೆ,
ದಿನಕ್ಕೆ ನಾಲ್ಕು ಬಕೆಟ್ಟು. ಮಳೆ ಬಂದರೆ ಲೆಕ್ಕವಿಲ್ಲ.
ಬೆಳಿಗ್ಗೆ ಹತ್ತು ನಿಮಿಷ ತಳದ ಪಂಪು ಓಡಿಸಬೇಕು.
‘ಓಡ್ತಿದ್ದಾಗ ಇಂಜಿನ್ನೇ ಚಾರ್ಜ್ ಮಾಡ್ಕಳ್ತಿತ್ತು.
ನಿಂತ ಮೇಲೇ ಖರ್ಚು.’
‘ಹರಾಜು ಯಾವಾಗ?’
‘ಫೈಲು ಶಿವಮೊಗ್ಗದಾಗೆ ಐತೆ.’

ರಾತ್ರಿ ಶಟರು ಅರ್ಧ ಎಳೆದು
ಪ್ಲೇಟು ಮುಚ್ಚುವಷ್ಟೇ ಡಿಸ್ಟಿಲ್ಡ್ ವಾಟರು ಹುಯ್ದು
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು,
ನಾಲ್ಕು ಆಂಪಿಯರಿಗೆ ಇಟ್ಟೆ.
ಒಂಬತ್ತಕ್ಕೆ ಕರೆಂಟು ಹೋಯಿತು.

ಕತ್ತಲೆಯಲ್ಲಿ ಕೂತು ಯೋಚನೆ ಬಂತು.
ಅವನ ಲಾಂಚಿನ ಅಡಿಯ ನೀರೇ ತಾನೆ
ಅಣೆಕಟ್ಟು ದಾಟಿ, ಕೊಳವೆಯಲ್ಲಿ ಬಿದ್ದು, ತಂತಿ ಹತ್ತಿ,
ಎಲ್ಲೆಲ್ಲೋ ಸುತ್ತಿ ನನ್ನ ಚಾರ್ಜರಿಗೆ ಬರುವುದು?
ಇಲ್ಲಿಂದ ಈ ಡಬ್ಬಿಯೊಳಗೆ ಕೂತು ಬಸ್ಸು ಹತ್ತಿ ಹೋಗಿ
ಲಾಂಚಿನ ಹೊಟ್ಟೆಯ ನೀರನ್ನು ಎತ್ತಿ
ಅದೇ ಹಿನ್ನೀರಿಗೆ ಚೆಲ್ಲುವುದು?
ಇಷ್ಟೂ ಕೆಲಸಕ್ಕೆ ನಾನು ತಗೊಳ್ಳುವುದು
ನೂರಿಪ್ಪತ್ತು ರೂಪಾಯಿ.

ಹತ್ತೂವರೆಗೆ ಬಂತು. ಚಾರ್ಜರು ಗುಂಯ್ ಅಂದಿತು.
ಬಗ್ಗಿ ಕಿವಿಗೊಟ್ಟರೆ ಸಣ್ಣಗೆ ಗುಳ್ಳೆ ಒಡೆಯುವ ಸದ್ದು,
ಗಂಜಿ ಕುದಿ ಹಿಡಿಯುವ ಮೊದಲಿನದು.
ಐದರಲ್ಲಿ.
ಮೂರನೆಯದು ತಡವಾಗಿ,
ಒಂದು. ಆಮೇಲೆ ಇನ್ನೊಂದು.

ಬೆಳಿಗ್ಗೆ ಅಳೆದರೆ ಹನ್ನೆರಡು ಪಾಯಿಂಟ್ ಮೂರು.
ಪುಸ್ತಕದಲ್ಲಿ ಬರೆದು, ಟರ್ಮಿನಲ್ಲಿಗೆ ವ್ಯಾಸಲೀನು ಸವರಿದೆ.
‘ಎಷ್ಟು ದಿನ ಬರ್ತದೆ?’
‘ನಿಮ್ಮ ಫೈಲಿಗಿಂತ ಕಮ್ಮಿ.’
ನಕ್ಕ. ಎತ್ತಿಕೊಂಡ. ಬಸ್ಸು ಹಾರನ್ ಹೊಡೆಯುತ್ತಿತ್ತು.
‘ಅಡ್ಡ ಮಾಡ್ಬೇಡಿ, ಆಸಿಡ್ ಚೆಲ್ತದೆ!’ ಕೂಗಿದೆ.
ಮೆಟ್ಟಿಲ ಮೇಲಿಂದ ತಿರುಗಿ,
‘ಮೂವತ್ತು ವರ್ಷ ಲಾಂಚನ್ನೇ ಅಡ್ಡ ಮಾಡಿಲ್ಲ’ ಅಂದ.

ಕಂಡಕ್ಟರು ಹಾಫ್ ಟಿಕೆಟ್ ಹರಿದ.