ಒಂಬತ್ತು ಮೈಲಿ ರಾಯಭಾರ

ಇಲವಾಲದ ಹಳೇ ಬಂಗಲೆಗೆ ಈಗ ಕಾಗದ ಬರುವುದಿಲ್ಲ.
ನನಗೆ ಗೊತ್ತು, ಈ ಊರಿನ ಅಂಚೆ ಚೀಲ ನನ್ನದೇ.
ಕೆಲವು ಮಧ್ಯಾಹ್ನ ಸ್ಕೂಟರ್ ನಿಲ್ಲಿಸಿ
ಅಲ್ಲೇ ಬುತ್ತಿ ಬಿಚ್ಚುತ್ತೇನೆ.
ಕಂಬಗಳ ನೆರಳು ಮೊಸರನ್ನದ ಮೇಲೆ
ಗಡಿಗೆರೆ ಎಳೆಯುತ್ತದೆ.

ಇಲ್ಲೊಬ್ಬ ದೊರೆ ಇದ್ದನಂತೆ. ದೊರೆಯಲ್ಲ,
ದೊರೆಯ ಬಾಯಿ.
ಸಮುದ್ರದಾಚೆಯ ಬಾಯಿ ಇಲ್ಲಿ ಕಾಲು ಚಾಚಿ ಕೂತು
ಮೈಸೂರು ಅರಮನೆಯ ಜೊತೆ ಮಾತಾಡುತ್ತಿತ್ತು.
ನಮ್ಮ ರಾಜಧಾನಿ ಅವರಿಗೆ ಪರದೇಶ,
ಹುಣಸೂರು ದಾರಿಯ ಈ ಕಾಂಪೌಂಡು ನಮಗೆ.
ಮೊದಮೊದಲು ಎರಡೂ ಕಡೆಯಿಂದ ಕಾಗದ.
ಬರಬರುತ್ತ ಇಲ್ಲಿಂದ ಹೋದದ್ದು ಸಲಹೆ,
ಅಲ್ಲಿಂದ ಬಂದದ್ದು ಸಮ್ಮತಿ.

ಮಾತು ಹೊತ್ತವನು ನಮ್ಮ ತಾತನ ತಾತ, ಜವರನಾಯಕ.
ಯಾವ ಕಡತದಲ್ಲೂ ಅವನಿಲ್ಲ.
ಅಜ್ಜಿ ಕೆಂಡಗಣ್ಣಮ್ಮನ ಮಾತೊಂದೇ ಪುರಾವೆ,
ಅವಳೋ ಹೇಳಿದಾಗೆಲ್ಲ ಒಂದು ಮೈಲಿ ಸೇರಿಸುವಳು.
ನಾನು ಒಂಬತ್ತಕ್ಕೆ ನಿಲ್ಲಿಸಿದ್ದೇನೆ.

ಸೊಂಟಕ್ಕೆ ಬಿದಿರ ಕೊಳವೆ, ಕೊಳವೆಯಲ್ಲಿ ಕಾಗದ,
ಕಾಗದಕ್ಕೆ ಅರಗು, ಅರಗಿನ ಮೇಲೆ ಸಿಂಹ.
ಕೋಲಿಗೆ ಗೆಜ್ಜೆ, ನಾಯಿಗಳಿಗೆ ಮುನ್ಸೂಚನೆ.
ಕೂರ್ಗಳ್ಳಿ ದಾಟಿ, ಹಿನಕಲ್ ಕೆರೆಯಲ್ಲಿ ಎರಡು ಬೊಗಸೆ.
ಓದು ಬಾರದು, ಬಂದಿದ್ದರೆ ಕೆಲಸ ಸಿಗುತ್ತಿರಲಿಲ್ಲ.
ಆದರೂ ಓದಿದ:
ಉದ್ದದ ಕಾಗದ ತಂದ ದಿನ
ಅರಮನೆ ಬಾಗಿಲವರು ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು.
ಎರಡೇ ಸಾಲಿನದು ತಂದ ದಿನ
ನೀರು ಕೇಳಿದ್ದು ಯಾರಿಗೂ ಕೇಳಿಸಲಿಲ್ಲ.
ಸ್ನೇಹ ಅಂತ ಶುರುವಾಗುವ ಕಾಗದಕ್ಕೇ
ದೊಡ್ಡವರ ಕೈ ಹೆಚ್ಚು ನಡುಗುವುದು ಎಂದು
ಹೊಗೆಸೊಪ್ಪು ಹಂಚಿಕೊಳ್ಳುತ್ತ ಮುನ್ಷಿ ಹೇಳಿದ್ದನಂತೆ.

ಒಂದು ಬೇಸಿಗೆ ಅರಗು ಬಿಸಿಲಿಗೆ ಕರಗಿತು.
ಸಿಂಹ ಇಳಿದು ಅವನ ಪಂಚೆಗೆ ಅಂಟಿತು.
ಹೊಂಗೆಯ ಕೆಳಗೆ ತೆರೆದ ಕಾಗದ, ಸಾಲುಸಾಲು ಇರುವೆ;
ನೋಡಿದ, ಸುತ್ತಿದ, ಓಡಿದ.
ಅರಮನೆಯಲ್ಲಿ ಇವನು ಬಂಗಲೆಯ ಬೇಹಿನವನಾದ,
ಬಂಗಲೆಯಲ್ಲಿ ಅರಮನೆಯವನು.
ಬೆನ್ನಿನ ಬಾಸುಂಡೆ ಮಾತ್ರ
ಯಾರ ಕಡೆಯವೆಂದು ಗುರುತಾಗಲಿಲ್ಲ.

ಏನಿತ್ತಜ್ಜಿ ಅದರಲ್ಲಿ?
ಮಾವಿನಹಣ್ಣು ಕಳಿಸಿದ್ದಕ್ಕೆ ವಂದನೆ, ಎಂದಳು ಒಮ್ಮೆ.
ಇನ್ನೊಮ್ಮೆ, ಎಲೆಗೆ ಸುಣ್ಣ ಹಚ್ಚುತ್ತ:
ಒಂದು ತಾಲ್ಲೂಕು.

ರಾಯಭಾರ ಎಂಬುದು ಎರಡು ಪದ.
ಮೊದಲನೆಯದನ್ನು ರಾಯರು ಇಟ್ಟುಕೊಂಡರು.

ಇವತ್ತು ಚೀಲದಲ್ಲೊಂದು ದಪ್ಪ ಲಕೋಟೆ ಇದೆ,
ದೆಹಲಿಯ ಯಾವುದೋ ರಾಯಭಾರ ಕಚೇರಿಯದು,
ಓದಲಾಗದ ಲಿಪಿಯ ಮೊಹರು.
ಕೂರ್ಗಳ್ಳಿ ಎರಡನೇ ಅಡ್ಡರಸ್ತೆಯ ನಫೀಸುನ್ನಿಸಾ
ಕೈ ಚಾಚಲಿಲ್ಲ, ಮೊದಲು ನನ್ನ ಮುಖ ನೋಡಿದಳು,
ಒಳಗಿನದು ಅಲ್ಲೇ ಬರೆದಿದೆ ಎಂಬ ಹಾಗೆ.
ನಂಗೂ ಗೊತ್ತಿಲ್ಲ ಕಣಕ್ಕ, ಎಂದೆ.
ಒಡೆಯುವ ಮೊದಲೇ ಒಳಗೆ ಹೋಗಿ ನೀರು ತಂದಳು.
ನಿಂತೇ ಕುಡಿದೆ, ಪೂರ್ತಿ ಚೊಂಬು.
ಸಹಿಯನ್ನು ಬೇರೆಯವರ ಹೆಸರಿನ ಮುಂದೆ ಹಾಕಿಬಿಟ್ಟಿದ್ದಾಳೆ.
ನಾಳೆ ಪೋಸ್ಟ್ ಮಾಸ್ಟರಿಗೆ
ನಾನೇ ಜವಾಬು ಹೇಳಬೇಕು.