ಕಿಟಕಿ ಸೀಟು

ಬನಹಟ್ಟಿಯಿಂದ ಬೆಳಗಾವಿಗೆ ನಸುಕಿನ ಬಸ್ಸು.
ಯಾವ ಬಾಜೂಕ ಬಿಸಿಲು ಬೀಳತೈತಿ
ಲೆಕ್ಕ ಹಾಕಿ ಕುಂದ್ರಸತೀನಿ ಮಗಳನ್ನ:
ನಾ ಕಿಟಕಿಗೆ, ಅಕಿ ನಡುವ, ಅವರವ್ವ ಈಚಿಗೆ.
ಗೋಕಾಕ ದಾಟೂತನಕ
ನನ್ನ ಹೆಗಲ ಅಕಿಗೆ ಪರದೆ.

ಹನ್ನೆರಡು ವರ್ಷದಾಕಿ, ನೀಲಾಂಬಿಕಾ.
ಮೂಗಿನ ಎರಡೂ ಕಡೆ ಕೆಂಪು ಬುಟ್ಟಾ ಮೂಡಿದಾಗ
ಪಿತ್ತದ ಗಂದಿ ಅಂತ ಬೇವಿನೆಲಿ ಅರದು ಹಚ್ಚಿದ್ವಿ.
ಆಮ್ಯಾಲೆ ಮಣಿಕಟ್ಟು ಬಾತು,
ಉಚ್ಚಿ ನೊರಿ ನೊರಿ ಆತು.

ಲೂಪಸ್ ಅಂದ್ರೇನಂತ ಹುಕ್ಕೇರಿ ಮೇಡಮ್
ಚಿತ್ರ ಬರದು ಹೇಳಿದ್ರು.
ನನಗ ತಿಳದದ್ದು ಮಗ್ಗದಾಗ:
ಹೊಕ್ಕು ಒಯ್ಯೂ ಲಾಳಿ ನಡುವ ಸಿಕ್ಕೊಂಡು
ತನ್ನ ಹಾಸು ತಾನ ಹರಿತೈತಲ್ಲ, ಹಂಗ.
ನೂರಾರು ಎಳಿ, ಒಮ್ಮೆಲೆ.
ಬೈದರ ಲಾಳಿಗೇನು ತಿಳಿತೈತಿ?
ಮಗ್ಗ ಬಂದ್ ಮಾಡಿ, ದೀಪ ಹಚಗೊಂಡು
ಎಳಿಗೆ ಎಳಿ ಗಂಟ ಹಾಕೋತ ಕುಂದ್ರೂದು.

ಈ ಸಲ ಅವರು ಹೊಸಾ ಹಾಳಿ ತಗದ್ರು.
"ಇನ್ನ ಮ್ಯಾಲೆ ಗುರಿ ಇಟಗೊಂಡ ನಡಿಯೂಣು" ಅಂದ್ರು.
ದಿನಕ್ಕ ಎಂಟು ಸ್ಟೀರಾಯ್ಡ್ ಗುಳಿಗಿ
ಯುಗಾದಿಯೊಳಗ ಒಂದಕ್ಕ ಇಳೀಬೇಕು.
ನೊರಿ ನಿಲ್ಲಬೇಕು.
ಕಿಡ್ನಿ ಇದ್ದದ್ದು ಇದ್ದಂಗ ಉಳೀಬೇಕು.
ಪೆನ್ನು ಎತ್ತಿ ಹಿಡದು ಕೇಳಿದ್ರು:
"ಇವು ನನ್ನವು. ನಿಮ್ಮವೇನು?"

ಅವರವ್ವ ಕೂದಲ ಅಂದ್ಲು, ಹಣಗಿಗೆ ಬರೂದು ನಿಲ್ಲಲಿ.
ಮತ್ತ ಮಾರಿ. ಗುಳಿಗಿಗೆ ಉಬ್ಬಿದ ಮಾರಿ
ಆಧಾರ್ ಕಾರ್ಡಿನ ಮಾರಿಗೆ ಕೂಡೂದಿಲ್ರಿ ಮೇಡಮ್.
ನನ್ನ ನಾಲಿಗಿಗೆ ಬಂದದ್ದು ಒಂದ ಮಾತು,
ಅದು ಅಕಿ ಎದುರಿಗೆ ಆಡೂದಲ್ಲ.
"ಬಸ್ ಚಾರ್ಜ್ ಕಡಿಮಿ ಆಗ್ಲಿ" ಅಂದೆ, ನಕ್ಕೆ.
ಯಾರೂ ನಗಲಿಲ್ಲ.

ಅಕಿ ಬಾಳೊತ್ತು ಟೇಬಲ್ಲಿನ ರೆಕ್ಸಿನ್ ಕೆರದ್ಲು.
"ಕಿಟಕಿ ಸೀಟು."
"ಆಂ?"
"ಬಸ್ಸಿನ್ಯಾಗ. ಹಗಲಹೊತ್ತಿನ್ಯಾಗ. ಗ್ಲಾಸ್ ಸರಸಿ."

ನಾ ಬೈಯಾಕ ಬಾಯಿ ತಗದೆ,
ಮೇಡಮ್ ಕೈ ಅಡ್ಡ ಹಿಡದ್ರು.
ನಾಕನೇ ಸಾಲಿನ್ಯಾಗ ಬರದ್ರು, ಕನ್ನಡದಾಗ.
ಉಳದದ್ದೆಲ್ಲಾ ಇಂಗ್ಲಿಷ್.
"ಈ ವರ್ಷ ಆಗಲಿಕ್ಕಿಲ್ಲ, ಸುಳ್ಳ ಹೇಳಂಗಿಲ್ಲ.
ಗುಳಿಗಿ ಇಳೀಲಿ, ನೊರಿ ನಿಲ್ಲಲಿ.
ತುಂಬ ತೋಳಿನಂಗಿ, ಮುಲಾಮು, ಟೊಪಿಗಿ.
ಮೊದಲ ಮಹಾಲಿಂಗಪುರತನಕ."
"ಗೋಕಾಕ" ಅಂದ್ಲು ಇಕಿ.
ಥೇಟ ಸಂತ್ಯಾಗಿನ ಅವರಜ್ಜಿ.
ಕಡೀಕ ಮೂಡಲಗಿಗೆ ಕುದರಿತು.

ಹೊಳ್ಳಿ ಬರೂವಾಗ ಬಸ್ಸು ತಡಾ.
ಅಂಕಲಗಿ ದಾಟೂದರಾಗ ಹೊತ್ತು ಮುಳಗಿತ್ತು.
ನಾ ಎದ್ದು ಅಕಿನ್ನ ಕಿಟಕಿಗೆ ಸರಸಿದೆ.
ಹೊರಗ ಕಬ್ಬಿನ ಟ್ರ್ಯಾಕ್ಟರಿನ ಒಂಟಿ ದೀಪ,
ಒಂದು ಧಾಬಾ, ಕತ್ತಲ.
ಗಾಳಿಗೆ ಕಣ್ಣು ಮುಚ್ಚಿ
ಉಳದಷ್ಟು ಕೂದಲ ಹಾರಿಸಿಗೋತ
ಒಂದೂರು ದೂರ ಸುಮ್ಮನಿದ್ಲು.
ಆಮ್ಯಾಲೆ ತಿರುಗಿ,
"ಇದು ಲೆಕ್ಕಕ್ಕಿಲ್ಲ ನೋಡಪಾ" ಅಂದ್ಲು.